ಸ್ಟೀರಿಂಗ್ ರ‍್ಯಾಕ್ ಬೂಟ್ ಮೂರನೆಯ ಸಲವೂ ಕಳಚಿಕೊಂಡಿದೆ: ಸರಿಯಾಗಿ ಕೂರುವ ಬೂಟ್ ಆರಿಸುವುದು ಹೇಗೆ?

ಹಳೆಕಾರಿನ ಒಡೆಯ

ಮಾನ್ಯರೇ, ನನ್ನ ಬಳಿ ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ, 16 ವರ್ಷ ಹಳೆಯದಾದ ಹ್ಯಾಚ್‌ಬ್ಯಾಕ್ ಕಾರೊಂದಿದೆ. ಎರಡು ವರ್ಷಗಳ ಹಿಂದೆ ಎಡಬದಿಯ ಒಳಗಿನ ಬಾಲ್ ಜಾಯಿಂಟ್ ಸಡಿಲವಾದಾಗ ಆ ಬದಿಯ ಟೈ ರಾಡನ್ನೂ (ಸ್ಟೀರಿಂಗ್ ರ‍್ಯಾಕಿನ ತುದಿಯನ್ನು ಚಕ್ರಕ್ಕೆ ಜೋಡಿಸುವ ಸಲಾಕೆ) ಅದರ ಜೊತೆಗೆ ರ‍್ಯಾಕ್ ಬೂಟನ್ನೂ ಬದಲಾಯಿಸಲಾಯಿತು. ರ‍್ಯಾಕ್ ಎಂದರೆ ಸ್ಟೀರಿಂಗ್ ತಿರುಗಿಸಿದಾಗ ಕವಚದೊಳಗೆ ಎಡಬಲಕ್ಕೆ ಸರಿಯುವ ಹಲ್ಲಿನ ದಂಡ; ಬೂಟ್ ಎಂದರೆ ಅದರ ತುದಿಗೆ ದೂಳು, ನೀರು ತಾಗದಂತೆ ಮುಚ್ಚುವ, ಮಡಿಕೆಮಡಿಕೆಯಾದ ಚೀಲ. ಅಂದಿನಿಂದ ಅದೇ ಬದಿಗೆ ಮೂರು ಬೂಟ್‌ಗಳು ಬಂದುಹೋಗಿವೆ. ಮೊದಲನೆಯದರ ದೊಡ್ಡ ಬಾಯಿ ರ‍್ಯಾಕಿನ ಕವಚಕ್ಕಿಂತ ಅಗಲವಾಗಿತ್ತು. ಕ್ಲ್ಯಾಂಪ್ ಬಿಗಿದಾಗ ರಬ್ಬರ್ ನೆರಿಗೆಯಾಗಿ, ಆ ನೆರಿಗೆಯ ಸಂದಿನಿಂದ ನೀರು ಒಳಗೆ ಹೋಯಿತು. ಎರಡನೆಯದು ನೋಡುವುದಕ್ಕೆ ಸರಿಯಾಗಿಯೇ ಕುಳಿತಿತ್ತು, ಆದರೆ ಕೆಲವು ವಾರಗಳಲ್ಲಿ ದೊಡ್ಡ ಬಾಯಿ ಕವಚದಿಂದ ಕಳಚಿಕೊಂಡು ಟೈ ರಾಡಿನ ಮೇಲೆ ಜೋತುಬಿದ್ದಿತು. ಮೂರನೆಯದು ಎಲ್ಲ ಕಾರುಗಳಿಗೂ ಹೊಂದುತ್ತದೆಂದು ಹೇಳಿ ಮಾರುವ, ತುದಿಯನ್ನು ಅಳತೆಗೆ ಕತ್ತರಿಸಿಕೊಳ್ಳುವ ಬಗೆಯದು. ಅದು ಕೂಡ ಹಾಗೆಯೇ ಕಳಚಿತು, ಮೇಲಾಗಿ ಪೂರ್ತಿ ತಿರುಗಿಸಿದಾಗ ಎಲ್ಲಿಯೋ ಉಜ್ಜಿದ ಗುರುತೂ ಇದೆ. ಬಲಬದಿಯಲ್ಲಿ ಮಾತ್ರ ಕಾರಿನೊಂದಿಗೆ ಬಂದ ಮೂಲ ಬೂಟ್ ಇಂದಿಗೂ ಅಲುಗಾಡದೆ ಕುಳಿತಿದೆ.

ಕಾರಿನ ಮಾದರಿ, ವರ್ಷ ಎಲ್ಲವನ್ನೂ ತಿಳಿಸಿಯೇ ಕೊಂಡರೂ ಅಳತೆ ತಪ್ಪುವುದೇಕೆ? ನಾಲ್ಕನೆಯದನ್ನು ಕೊಳ್ಳುವ ಮೊದಲು ಏನನ್ನು ನೋಡಬೇಕು?

ಕ್ಯಾಲಿಪರ್ ಕೈಯವನು

ತಾವು ಕಾರಿನ ಹೆಸರು ಹೇಳಿ ಬೂಟ್ ಕೇಳಿದ್ದೀರಿ. ಬೂಟ್ ಕೂರುವುದು ಕಾರಿನ ಮೇಲಲ್ಲ, ರ‍್ಯಾಕಿನ ಮೇಲೆ. ಒಂದೇ ಮಾದರಿಯ, ಒಂದೇ ವರ್ಷದ ಕಾರುಗಳಿಗೆ ಎರಡು ಬೇರೆ ಬೇರೆ ತಯಾರಕರ ರ‍್ಯಾಕ್‌ಗಳನ್ನು ಜೋಡಿಸಿರುವುದು ಅಪರೂಪವೇನಲ್ಲ; ಮಾನ್ಯುಯಲ್ ಸ್ಟೀರಿಂಗ್, ಹೈಡ್ರಾಲಿಕ್ ಮತ್ತು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಎಂಬ ಭೇದ ಬೇರೆ. ಆದ್ದರಿಂದ ಮೊದಲು ಕವಚದ ಮೇಲೆ ಎರಕದಲ್ಲಿ ಮೂಡಿರುವ ಅಥವಾ ಚೀಟಿಯಲ್ಲಿರುವ ತಯಾರಕರ ಹೆಸರನ್ನೂ ಸಂಖ್ಯೆಯನ್ನೂ ಮಣ್ಣು ಒರೆಸಿ ಓದಿಕೊಳ್ಳಿ. ಇದರಲ್ಲೊಂದು ಗೊಂದಲವಿದೆ: ಹಳೆಯ ಕವಚದ ಮೇಲೆ ಕೊಯೊ ಎಂದಿದ್ದರೆ ಆ ಕಂಪನಿ 2006ರಲ್ಲಿ ಟೊಯೊಡಾ ಮೆಷಿನ್ ವರ್ಕ್ಸ್ ಜೊತೆ ಸೇರಿ ಜೆಟೆಕ್ಟ್ ಆಗಿದೆ, ಟಿಆರ್‌ಡಬ್ಲ್ಯೂ ಎಂದಿದ್ದರೆ ಅದನ್ನು 2015ರಲ್ಲಿ ಝಡ್‌ಎಫ್ ಕೊಂಡುಕೊಂಡಿದೆ. ಹಾಗೆಂದು ಹಳೆಯ ಟಿಆರ್‌ಡಬ್ಲ್ಯೂ ರ‍್ಯಾಕಿಗೆ ಝಡ್‌ಎಫ್ ರ‍್ಯಾಕಿನ ಬೂಟ್ ಹೊಂದುತ್ತದೆಂದು ಅರ್ಥವಲ್ಲ. ಮಾಲೀಕತ್ವ ಒಂದಾದರೂ ಎರಕಗಳು ಬೇರೆಯೇ.

ಎರಡನೆಯದಾಗಿ, ಎಡ–ಬಲದ ವಿಷಯ. ಪಿನಿಯನ್ (ಸ್ಟೀರಿಂಗ್ ಕಂಬದ ತುದಿಯಲ್ಲಿ ರ‍್ಯಾಕನ್ನು ಸರಿಸುವ ಪುಟ್ಟ ಹಲ್ಲುಚಕ್ರ) ಇರುವ ಬದಿಯ ಕವಚದ ತುದಿಯ ವ್ಯಾಸವೂ ಎದುರು ಬದಿಯ ವ್ಯಾಸವೂ ಅನೇಕ ರ‍್ಯಾಕ್‌ಗಳಲ್ಲಿ ಬೇರೆಯಾಗಿರುತ್ತವೆ. ಸ್ಟೀರಿಂಗ್ ಎಡಕ್ಕಿರುವ ಕಾರಿನಲ್ಲಿ ಪಿನಿಯನ್ ಎಡಬದಿಗೆ, ಬಲಕ್ಕಿರುವ ಕಾರಿನಲ್ಲಿ ಬಲಬದಿಗೆ ಬರುವುದರಿಂದ ಪಟ್ಟಿಯಲ್ಲಿ ಬರೀ ಎಡ ಎಂದು ಬರೆದಿದ್ದರೆ ಅದು ಯಾವ ಬಗೆಯ ಕಾರಿನ ಎಡ ಎಂದು ಕೇಳಲೇಬೇಕು. ಪಿನಿಯನ್ ಬದಿ, ಪಿನಿಯನ್ ಇಲ್ಲದ ಬದಿ ಎಂದೇ ಕೇಳುವುದು ಲೇಸು. ತಮ್ಮ ಮೊದಲನೆಯ ಬೂಟ್ ಅಗಲವಾದದ್ದು ಬಹುಶಃ ಇದೇ ಕಾರಣದಿಂದ.

ಅಳತೆಗಳು ಐದು. ಕವಚದ ಮೇಲೆ ಬೂಟಿನ ದೊಡ್ಡ ಬಾಯಿ ಕೂರುವ ಕಚ್ಚಿನ, ಅಂದರೆ ಸುತ್ತಲೂ ಕೊರೆದ ತಗ್ಗಿನ, ತಳದ ವ್ಯಾಸ (ಕಚ್ಚಿನ ಅಂಚಿನದ್ದಲ್ಲ). ಟೈ ರಾಡಿನ ಮೇಲೆ ಸಣ್ಣ ಬಾಯಿ ಕೂರುವ ಕಚ್ಚಿನ ತಳದ ವ್ಯಾಸ. ಆ ಎರಡು ಕಚ್ಚುಗಳ ನಡುವಿನ ದೂರ ಚಕ್ರಗಳು ನೇರವಾಗಿರುವಾಗ, ಪೂರ್ತಿ ಎಡಕ್ಕೆ ತಿರುಗಿದಾಗ ಮತ್ತು ಪೂರ್ತಿ ಬಲಕ್ಕೆ ತಿರುಗಿದಾಗ. ಹಳೆಯ ಬೂಟನ್ನು ಅಳೆದು ಹೊಸದನ್ನು ತರಬೇಡಿ. ವರ್ಷಗಟ್ಟಲೆ ಕ್ಲ್ಯಾಂಪಿನ ಅಡಿಯಲ್ಲಿದ್ದ ರಬ್ಬರ್ ತನ್ನ ಮೂಲ ಆಕಾರವನ್ನು ಮರೆತಿರುತ್ತದೆ. ಎಣ್ಣೆ ತಾಗಿದ್ದರೆ ಊದಿಯೂ ಇರುತ್ತದೆ. ಕ್ಯಾಲಿಪರ್ ತೂರಿಸಲು ಜಾಗವಿಲ್ಲದಿದ್ದರೆ ಕಚ್ಚಿನ ಸುತ್ತ ಗಟ್ಟಿ ಕಾಗದದ ಪಟ್ಟಿಯನ್ನು ಸುತ್ತಿ, ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಸಾಕು.

ಬೂಟಿನ ಒಳವ್ಯಾಸವು ಕಚ್ಚಿನ ತಳಕ್ಕಿಂತ ಸ್ವಲ್ಪ, ಅಂದರೆ ಒಂದೆರಡು ಮಿಲಿಮೀಟರಿನಷ್ಟು, ಕಡಿಮೆಯಿರಬೇಕು. ಹಿಗ್ಗಿಸಿ ಕೂರಿಸಿದ ಬಾಯಿ ಕ್ಲ್ಯಾಂಪ್ ಹಾಕುವ ಮೊದಲೇ ಹಿಡಿತ ತೋರಿಸಬೇಕು. ಕ್ಲ್ಯಾಂಪ್ ಇರುವುದು ಆ ಹಿಡಿತವನ್ನು ಕಾಯುವುದಕ್ಕೆ. ದೊಡ್ಡದನ್ನು ಸಣ್ಣದಾಗಿಸುವ ಕೆಲಸವನ್ನು ಅದರ ಮೇಲೆ ಹೊರಿಸಬಾರದು.

ರಬ್ಬರ್ ಬಲ್ಲವರು

ಅಳತೆಯ ಮಾತಿಗೆ ವಸ್ತುವಿನ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಒಂದೇ ಅಳತೆಯ ಎರಡು ಬೂಟ್‌ಗಳು ವಸ್ತು ಬೇರೆಯಾದರೆ ಬೇರೆ ರೀತಿಯಲ್ಲಿ ಕೂರುತ್ತವೆ. ಕ್ಲೋರೊಪ್ರೀನ್, ಅಂದರೆ ನಿಯೋಪ್ರೀನ್ ಎಂದು ಕರೆಯುವ ರಬ್ಬರ್, ಎಣ್ಣೆ ಮತ್ತು ಓಜೋನ್ ಎರಡನ್ನೂ ಮಟ್ಟಸವಾಗಿ ತಾಳಿಕೊಳ್ಳುತ್ತದೆ. ಇಪಿಡಿಎಂ ಎಂಬ ಕೃತಕ ರಬ್ಬರ್ ಬಿಸಿಲು ಮತ್ತು ಓಜೋನಿಗೆ ಬಹಳ ಗಟ್ಟಿ, ಆದರೆ ಖನಿಜ ಎಣ್ಣೆಯಿಂದ ಮಾಡಿದ ಗ್ರೀಸ್ ತಾಗಿದರೆ ಊದಿಕೊಂಡು ಬಾಯಿ ಸಡಿಲವಾಗುತ್ತದೆ. ನೈಟ್ರೈಲ್ ಇದಕ್ಕೆ ತದ್ವಿರುದ್ಧ: ಎಣ್ಣೆಗೆ ಅಂಜುವುದಿಲ್ಲ, ಓಜೋನಿಗೆ ಬಿರಿಯುತ್ತದೆ. ಈಚಿನ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಥರ್ಮೋಪ್ಲಾಸ್ಟಿಕ್ ಬೂಟ್‌ಗಳು ಗಡುಸಾಗಿರುತ್ತವೆ, ಸುಲಭವಾಗಿ ಹರಿಯುವುದಿಲ್ಲ, ಮಡಿಕೆಗಳ ಆಕಾರ ಕೆಡುವುದಿಲ್ಲ. ಆದರೆ ಅವುಗಳ ಬಾಯಿ ರಬ್ಬರಿನಷ್ಟು ಹಿಗ್ಗದ ಕಾರಣ ಅಲ್ಲಿ ಅಳತೆಯ ತಪ್ಪಿಗೆ ಕ್ಷಮೆಯಿಲ್ಲ. ಎಲ್ಲಕ್ಕೂ ಹೊಂದುವ ಬೂಟ್‌ಗಳಲ್ಲಿ ಕೆಲವು ಸಿಲಿಕೋನಿನವು. ಸಿಲಿಕೋನ್ ಚೆನ್ನಾಗಿ ಹಿಗ್ಗುತ್ತದೆ. ಆದರೆ ಒಂದು ಸಣ್ಣ ಗೀರು ಬಿದ್ದರೆ ಅಲ್ಲಿಂದಲೇ ಹರಿಯುತ್ತಾ ಹೋಗುತ್ತದೆ, ಕತ್ತರಿಸಿದ ಅಂಚು ಹಲ್ಲುಹಲ್ಲಾಗಿದ್ದರಂತೂ ಹೇಳುವುದೇ ಬೇಡ.

ಕೊಳ್ಳುವಾಗ ಬೂಟನ್ನು ಕೈಯಲ್ಲಿ ಹಿಗ್ಗಿಸಿ, ಮಡಿಕೆಗಳ ತಳಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಗೀರುಗಳಿದ್ದರೆ ಅದು ಪೊಟ್ಟಣದಲ್ಲಿಯೇ ಮುದಿಯಾದ ಸರಕು.

ಗ್ರೀಸಿನ ಬಗ್ಗೆ ಒಂದು ಮಾತು. ಆಕ್ಸಲಿನ ಸಿವಿ ಬೂಟಿನ (ಚಕ್ರ ತಿರುಗಿಸುವ ದಂಡದ ಕೀಲನ್ನು ಮುಚ್ಚುವ ಬೂಟ್) ಒಳಗೆ ಗ್ರೀಸ್ ತುಂಬುತ್ತಾರೆಂದು ರ‍್ಯಾಕ್ ಬೂಟಿಗೂ ತುಂಬುವವರನ್ನು ನೋಡಿದ್ದೇನೆ. ಇಂದಿನ ಸಾಮಾನ್ಯ ರ‍್ಯಾಕ್ ಬೂಟ್ ತುಂಬಿಕೊಂಡಿರುವುದು ಗಾಳಿಯನ್ನು. ಒಳಗಿನ ಬಾಲ್ ಜಾಯಿಂಟಿಗೆ ತಯಾರಕರು ಹೇಳಿದ ಗ್ರೀಸ್ ಒಂದಿಷ್ಟು ಸವರಿದರೆ ಮುಗಿಯಿತು. ಹಳೆಯ ಬ್ರಿಟಿಷ್ ಕಾರುಗಳ ಕೆಲವು ಮಾನ್ಯುಯಲ್ ರ‍್ಯಾಕ್‌ಗಳು ಮಾತ್ರ ಇದಕ್ಕೆ ಹೊರತು. ಅವುಗಳೊಳಗೆ ಗೇರ್ ಎಣ್ಣೆಯೇ ಇರುತ್ತದೆ, ಆ ಎಣ್ಣೆಯನ್ನು ಹಿಡಿದಿಡುವುದೂ ಬೂಟಿನ ಕೆಲಸ. ಅಂಥ ಕಾರಿಗೆ ಇಪಿಡಿಎಂ ಬೂಟ್ ಹಾಕಿದರೆ ಅದು ಕೆಲವೇ ಕಾಲದಲ್ಲಿ ಊದಿ ಕೈಕೊಡುತ್ತದೆ.

ರಿಪೇರಿ ಹವ್ಯಾಸಿ

ಇಷ್ಟೆಲ್ಲ ಏಕೆ ಸರ್? ಸಿಕ್ಕಿದ ಬೂಟನ್ನು ಹಾಕಿ ಎರಡು ಕಡೆಯೂ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು ನಾನು ಮೂರು ವರ್ಷ ಓಡಿಸಿದ್ದೇನೆ. ಎರಡು ಹೋಳುಗಳಾಗಿ ಬಂದು ಅಂಟಿನಿಂದ ಸೇರಿಸುವ ಬೂಟ್‌ಗಳೂ ಸಿಗುತ್ತವೆ. ಅವುಗಳಿಗೆ ಟೈ ರಾಡ್ ಎಂಡ್ (ರಾಡಿನ ಚಕ್ರದ ಬದಿಯ ಕೀಲು) ಬಿಚ್ಚುವ ಗೋಜೇ ಇಲ್ಲ.

ಕ್ಯಾಲಿಪರ್ ಕೈಯವನು

ಕೇಬಲ್ ಟೈ ಎಂದ ಕೂಡಲೇ ಮೂಗು ಮುರಿಯುವವನು ನಾನಲ್ಲ. ಕೆಲವು ಥರ್ಮೋಪ್ಲಾಸ್ಟಿಕ್ ಬೂಟ್‌ಗಳ ಪೊಟ್ಟಣದಲ್ಲಿ ತಯಾರಕರೇ ಅದನ್ನು ಕೊಟ್ಟಿರುತ್ತಾರೆ. ಆದರೆ ಅದು ಹಲ್ಲು ಹಲ್ಲಾಗಿ ಬಿಗಿಯುತ್ತದೆ, ಬೀಗದ ಬಳಿ ಸಣ್ಣದೊಂದು ಸಂದು ಉಳಿಸುತ್ತದೆ, ಎಂಜಿನ್ನಿನ ಬಿಸಿಗೆ ಕಾಲಕ್ರಮೇಣ ಪೆಡಸಾಗುತ್ತದೆ. ದೊಡ್ಡ ಬಾಯಿಗೆ ಕಿವಿ ಹಿಂಡಿ ಬಿಗಿಯುವ ಉಕ್ಕಿನ ಕ್ಲ್ಯಾಂಪೇ ಸರಿ. ಸಣ್ಣ ಬಾಯಿಗೆ ಕೈಯಿಂದ ಅಥವಾ ಇಕ್ಕಳದಿಂದ ಸರಿಸಬಹುದಾದ ಸ್ಪ್ರಿಂಗ್ ಕ್ಲಿಪ್ ಬೇಕು, ಏಕೆಂದರೆ ವೀಲ್ ಅಲೈನ್‌ಮೆಂಟ್ ಮಾಡುವಾಗ ಟೈ ರಾಡ್ ತಿರುಗುತ್ತದೆ. ಸಣ್ಣ ಬಾಯಿಯನ್ನು ಉಸಿರುಗಟ್ಟುವಂತೆ ಬಿಗಿದಿದ್ದರೆ ರಾಡಿನ ಜೊತೆ ಬೂಟೂ ತಿರುಚಿಕೊಳ್ಳುತ್ತದೆ. ಅಲೈನ್‌ಮೆಂಟ್ ಮುಗಿದ ಮೇಲೆ ಬೂಟಿನ ಮಡಿಕೆಗಳು ಓರೆಯಾಗಿ ಸುರುಳಿಯಂತೆ ಕಂಡರೆ ಹೀಗೆಯೇ ಆಗಿದೆ ಎಂದು ತಿಳಿಯಬೇಕು.

ಎರಡು ಹೋಳಿನ ಬೂಟ್ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ಉದ್ದಕ್ಕೂ ಹಿಗ್ಗಿ ಕುಗ್ಗುವ ವಸ್ತುವಿಗೆ ಉದ್ದಕ್ಕೂ ಅಂಟಿನ ಗೆರೆ ಹಾಕಿದರೆ ಮೊದಲು ಸೋಲುವುದು ಆ ಗೆರೆಯೇ. ಊರು ಸೇರುವವರೆಗಿನ ಉಪಾಯವಾಗಿ ಆಗಬಹುದು.

ರ‍್ಯಾಕ್ ಬಿಚ್ಚಿ ನೋಡಿದವರು

ಪ್ರಶ್ನೆ ಕೇಳಿದವರ ವಿವರಣೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಅಂಶ ಒಂದಿದೆ. ಎರಡನೆಯ ಬೂಟ್ ಸರಿಯಾಗಿ ಕುಳಿತಿತ್ತು, ಆದರೂ ದೊಡ್ಡ ಬಾಯಿ ಕಳಚಿತು ಎಂದಿದ್ದೀರಿ. ಅಳತೆ ಸರಿಯಿದ್ದ ದೊಡ್ಡ ಬಾಯಿಯನ್ನು ಯಾವುದೋ ಒಂದು ಬಲ ಎಳೆದಿರಬೇಕು ಅಥವಾ ತಳ್ಳಿರಬೇಕು. ಎರಡು ಸಂಶಯಗಳಿವೆ.

ಮೊದಲನೆಯದು ಗಾಳಿ. ಸ್ಟೀರಿಂಗ್ ತಿರುಗಿಸಿದಾಗ ಒಂದು ಬೂಟ್ ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಕುಗ್ಗಿದ ಬೂಟಿನ ಗಾಳಿ ಹಿಗ್ಗಿದ ಬೂಟಿಗೆ ಹೋಗಲೇಬೇಕು. ಮಾನ್ಯುಯಲ್ ರ‍್ಯಾಕಿನಲ್ಲಿ ಅದು ಕವಚದ ಒಳಗಿನಿಂದಲೇ ಹೋಗಬಹುದು. ಹೈಡ್ರಾಲಿಕ್ ರ‍್ಯಾಕಿನಲ್ಲಿ ನಡುವೆ ಸೀಲುಗಳಿಂದ ಮುಚ್ಚಿದ ಸಿಲಿಂಡರ್ ಇರುವುದರಿಂದ ಆ ದಾರಿಯಿಲ್ಲ. ಅದಕ್ಕೆಂದೇ ಅನೇಕ ರ‍್ಯಾಕ್‌ಗಳಲ್ಲಿ ಎರಡು ಬೂಟ್‌ಗಳನ್ನು ಕೂಡಿಸುವ ತೆಳ್ಳನೆಯ ಗಾಳಿಪೈಪ್ ಕವಚದ ಹೊರಗೆ ಹಾದುಹೋಗುತ್ತದೆ, ಅದರ ತುದಿಗಳು ಬೂಟಿನ ದೊಡ್ಡ ಬಾಯಿಯ ಪಕ್ಕದ ಮೂತಿಯೊಳಗೆ ಕೂರುತ್ತವೆ. ಹೊಸ ಬೂಟಿನಲ್ಲಿ ಆ ಮೂತಿ ಇಲ್ಲದಿದ್ದರೆ, ಅಥವಾ ಇದ್ದರೂ ತೂತು ಮುಚ್ಚಿದ್ದರೆ, ಕುಗ್ಗುವಾಗ ಬೂಟ್ ಬಲೂನಿನಂತೆ ಉಬ್ಬುತ್ತದೆ, ಹಿಗ್ಗುವಾಗ ಒಳಕ್ಕೆ ಹೀರಿಕೊಂಡು ಮಡಿಕೆಗಳು ಟೈ ರಾಡಿಗೆ ಅಂಟುತ್ತವೆ.

ಎರಡನೆಯ ಸಂಶಯ ಟೈ ರಾಡಿನ ಮೇಲೆ. ತೊಂದರೆ ಶುರುವಾದದ್ದು ಟೈ ರಾಡ್ ಬದಲಾದ ದಿನದಿಂದ ಎಂದು ತಾವೇ ಬರೆದಿದ್ದೀರಿ. ಬದಲಿ ಟೈ ರಾಡ್‌ಗಳಲ್ಲಿ ಸ್ಕ್ರೂ ಎಳೆಗಳೂ ಉದ್ದವೂ ಮೂಲದಂತೆಯೇ ಇರುತ್ತವೆ, ಏಕೆಂದರೆ ಇಲ್ಲದಿದ್ದರೆ ಅವು ಕಾರಿಗೆ ಕೂರುವುದೇ ಇಲ್ಲ. ಬೂಟಿಗಾಗಿ ಇರುವ ಕಚ್ಚು ಮಾತ್ರ ಕೆಲವೊಮ್ಮೆ ಬೇರೆ ಜಾಗದಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ನೋಡಬೇಕಾದ ರೀತಿ ಸರಳ: ಬೂಟನ್ನು ಕೂರಿಸಿ, ಸಣ್ಣ ಬಾಯಿಯ ಹೊರ ಅಂಚಿಗೆ ಸರಿಯಾಗಿ ರಾಡಿನ ಮೇಲೆ ಬಿಳಿ ಬಣ್ಣದ ಗೆರೆ ಎಳೆದು, ಒಂದು ವಾರ ಓಡಿಸಿ, ಮತ್ತೆ ನೋಡಿ.

ಹಳೆಕಾರಿನ ಒಡೆಯ

ತಮ್ಮೆಲ್ಲರ ಮಾತಿನಂತೆ ಕಾರನ್ನು ಎತ್ತಿ, ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ ಅಳೆದೆ. ಎಡಬದಿಯ ಕವಚದ ಕಚ್ಚಿನ ತಳ 44 ಮಿಲಿಮೀಟರ್. ಕಳಚಿದ ಎರಡನೆಯ ಬೂಟಿನ ದೊಡ್ಡ ಬಾಯಿಯ ಒಳವ್ಯಾಸ 43. ಅಂದರೆ ಅದರ ಅಳತೆಯಲ್ಲಿ ದೋಷವಿರಲಿಲ್ಲ! ಕಚ್ಚಿನಿಂದ ಕಚ್ಚಿಗೆ ದೂರ ಚಕ್ರಗಳು ನೇರವಿರುವಾಗ 165, ಒಂದು ಕೊನೆಯಲ್ಲಿ 93, ಇನ್ನೊಂದು ಕೊನೆಯಲ್ಲಿ 237 ಮಿಲಿಮೀಟರ್. ಮೂರನೆಯ ಬೂಟನ್ನು ಕೈಯಿಂದ ಎಷ್ಟೇ ಒತ್ತಿದರೂ ಅದು 110ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅದು ಏಕೆ ಸೊಂಟ ಬಾಗಿಸಿ ಉಜ್ಜಿಕೊಂಡಿತೆಂದು ಈಗ ತಿಳಿಯಿತು.

ಈ ದೂರಗಳನ್ನು ನಾನು ಅಳೆದದ್ದು ಬಲಬದಿಯಲ್ಲಿ, ಏಕೆಂದರೆ ಎಡಬದಿಯ ಟೈ ರಾಡಿನಲ್ಲಿ ಕಚ್ಚೇ ಇಲ್ಲ. ಬಲಕ್ಕೆ ಮೂಲ ರಾಡಿನಲ್ಲಿ ಸುಮಾರು 8 ಮಿಲಿಮೀಟರ್ ಅಗಲದ ಕಚ್ಚು, ತಳದಲ್ಲಿ 13, ಎರಡು ಪಕ್ಕಗಳಲ್ಲಿ 15 ಮಿಲಿಮೀಟರ್ ವ್ಯಾಸ. ಎಡಕ್ಕೆ ಉದ್ದಕ್ಕೂ ನುಣುಪಾದ 14 ಮಿಲಿಮೀಟರಿನ ರಾಡ್. ಎರಡನೆಯ ಬೂಟನ್ನೇ ಹೊಸ ಕ್ಲ್ಯಾಂಪಿನಿಂದ ಮತ್ತೆ ಕೂರಿಸಿ, ಬಿಳಿ ಗೆರೆ ಎಳೆದು ಓಡಿಸಿದೆ. ಒಂದು ವಾರದಲ್ಲಿ ಸಣ್ಣ ಬಾಯಿ ಗೆರೆಯನ್ನು ದಾಟಿ 11 ಮಿಲಿಮೀಟರ್ ಹೊರಕ್ಕೆ, ಚಕ್ರದ ಕಡೆಗೆ ಸರಿದಿದೆ.

ಗಾಳಿಪೈಪಿನ ವಿಷಯದಲ್ಲಂತೂ ನನಗೆ ನಾಚಿಕೆಯಾಯಿತು. ಬೂಟಿನಲ್ಲಿ ಮೂತಿ ಇದೆ, ಆದರೆ ಅದರ ತುದಿಯಲ್ಲಿ ತೆಳುವಾದ ರಬ್ಬರ್ ಪೊರೆ ಹಾಗೆಯೇ ಇದೆ. ಪೈಪ್ ಒಳಗೆ ಹೋಗಲಿಲ್ಲವೆಂದು ಯಾರೋ ಅದನ್ನು ಪಕ್ಕಕ್ಕೆ ಬಗ್ಗಿಸಿಟ್ಟಿದ್ದಾರೆ. ಎರಡು ವರ್ಷಗಳಿಂದ ಅದು ಹಾಗೆಯೇ ಇದ್ದಿರಬೇಕು.

ರ‍್ಯಾಕ್ ಬಿಚ್ಚಿ ನೋಡಿದವರು

ಹಾಗಾದರೆ ನಡೆದದ್ದು ಸ್ಪಷ್ಟವಾಗಿದೆ. ಸ್ಟೀರಿಂಗ್ ಒಂದು ಕೊನೆಗೆ ಹೋದಾಗ ಎಡ ಬೂಟ್ ಕುಗ್ಗುತ್ತದೆ. ಒಳಗಿನ ಗಾಳಿಗೆ ದಾರಿಯಿಲ್ಲ. ಆ ಒತ್ತಡವೂ ಮಡಿಕೆಗಳ ಒತ್ತಡವೂ ಸೇರಿ, ಕಚ್ಚಿಲ್ಲದ ನುಣುಪು ರಾಡಿನ ಮೇಲೆ ಸಣ್ಣ ಬಾಯಿಯನ್ನು ಹೊರಕ್ಕೆ ತಳ್ಳುತ್ತವೆ. ಹೊರಕ್ಕೆ ಸರಿದದ್ದು ಪೂರ್ತಿಯಾಗಿ ಹಿಂದಿರುಗುವುದಿಲ್ಲ. ದಿನಕ್ಕಿಷ್ಟು ಎಂದು ಸರಿಯುತ್ತಾ ಹೋದಂತೆ, ಸ್ಟೀರಿಂಗ್ ಇನ್ನೊಂದು ಕೊನೆಗೆ ಹೋದಾಗ 237ರ ಜಾಗದಲ್ಲಿ 250, 260 ಮಿಲಿಮೀಟರ್ ಹಿಗ್ಗಬೇಕಾಗಿ ಬಂದು, ಕೊನೆಗೊಂದು ದಿನ ದೊಡ್ಡ ಬಾಯಿ ಕ್ಲ್ಯಾಂಪಿನ ಕೆಳಗಿನಿಂದ ನುಸುಳಿ ಹೊರಬರುತ್ತದೆ. ಕಳಚಿದ್ದು ದೊಡ್ಡ ಬಾಯಿ, ತಪ್ಪು ಇದ್ದದ್ದು ಸಣ್ಣ ಬಾಯಿಯ ಕಡೆ. ಕಣ್ಣಿಗೆ ಬಿದ್ದ ಕಡೆಗೇ ನಾವೆಲ್ಲ ಬಿಗಿಯಾದ ಕ್ಲ್ಯಾಂಪ್ ಹುಡುಕುತ್ತಾ ಕೂರುತ್ತೇವೆ.

ಇನ್ನೊಂದು ಕೆಲಸ ಬಾಕಿಯಿದೆ, ದಯವಿಟ್ಟು ಮುಂದೂಡಬೇಡಿ. ಬಗ್ಗಿಸಿಟ್ಟ ಪೈಪಿನ ಆಚೆಯ ತುದಿ ಬಲಬದಿಯ ಬೂಟಿನೊಳಗಿದೆ. ಎರಡು ವರ್ಷ ಆ ಬೂಟ್ ಹಿಗ್ಗಿದಾಗಲೆಲ್ಲ ತೆರೆದ ಪೈಪಿನಿಂದ ರಸ್ತೆಯ ದೂಳನ್ನೂ ತೇವವನ್ನೂ ಒಳಕ್ಕೆ ಎಳೆದುಕೊಂಡಿದೆ. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುವ ಆ ಬಲ ಬೂಟಿನ ಸಣ್ಣ ಬಾಯಿಯನ್ನು ಸರಿಸಿ ಒಳಗೆ ನೋಡಿ. ರ‍್ಯಾಕಿನ ಉಕ್ಕಿನ ದಂಡದ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಅವು ಸೀಲನ್ನು ಕೊರೆಯುತ್ತವೆ. ಬೂಟಿನೊಳಗಿನಿಂದ ಪವರ್ ಸ್ಟೀರಿಂಗ್ ಎಣ್ಣೆ ಹರಿದು ಬಂದರೆ ಸೀಲ್ ಈಗಾಗಲೇ ಹೋಗಿದೆ. ಆಗ ಯಾವ ಬೂಟೂ ಪರಿಹಾರವಲ್ಲ, ರ‍್ಯಾಕನ್ನೇ ನೋಡಬೇಕಾಗುತ್ತದೆ.

ರಿಪೇರಿ ಹವ್ಯಾಸಿ

ಕಚ್ಚಿಲ್ಲದ ರಾಡಿನ ಮೇಲೆ ಬೂಟಿನ ಎರಡೂ ಪಕ್ಕಕ್ಕೆ ಒಂದೊಂದು ಕ್ಲಿಪ್ ಹಾಕಿ ತಡೆ ಮಾಡಿದರೆ ಆಗದೇ? ಇಲ್ಲವೇ ರಾಡಿನಲ್ಲಿಯೇ ಲೇತ್ ಮೇಲೆ ಕಚ್ಚು ಕೊರೆಸಿದರೆ?

ಕ್ಯಾಲಿಪರ್ ಕೈಯವನು

ಎರಡನೆಯದನ್ನು ಖಂಡಿತ ಮಾಡಬೇಡಿ. ಮೂಲ ರಾಡಿನಲ್ಲಿ ಕಚ್ಚಿನ ತಳವೇ 13 ಇರುವಾಗ ಬಾಕಿ ಮೈ 15 ಇದೆ. ಅದನ್ನು ಹಾಗೆಂದೇ ರೂಪಿಸಲಾಗಿದೆ. 14ರ ರಾಡಿನಲ್ಲಿ ಚೂಪು ಮೂಲೆಯ ಕಚ್ಚು ಕೊರೆದರೆ ಬಾಗುವ ಬಲವೆಲ್ಲ ಆ ಮೂಲೆಯಲ್ಲಿ ಸೇರಿ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಸ್ಟೀರಿಂಗ್ ಭಾಗದ ಮೇಲೆ ಅಂಥ ಪ್ರಯೋಗ ಸಲ್ಲದು. ಹೊರಬದಿಗೆ ಒಂದು ತಡೆ ಕ್ಲಿಪ್ ಹಾಕುವುದು ತಾತ್ಕಾಲಿಕವಾಗಿ ನಡೆದೀತು. ಸರಿಯಾದ ದಾರಿ, ಮೂಲದಂತೆ ಕಚ್ಚಿರುವ ಟೈ ರಾಡನ್ನು ಹಾಕಿಸುವುದೇ. ಕೊಳ್ಳುವಾಗ ಬಲಬದಿಯ ರಾಡಿನ ಚಿತ್ರವನ್ನೂ ಬಾಲ್ ಜಾಯಿಂಟಿನಿಂದ ಕಚ್ಚಿನವರೆಗಿನ ದೂರವನ್ನೂ ಜೊತೆಗಿಟ್ಟುಕೊಳ್ಳಿ.

ಜೋಡಿಸುವಾಗಿನ ಕೆಲವು ಮಾತುಗಳು. ಲಾಕ್ ನಟ್ಟಿನ ಸ್ಥಾನವನ್ನು ಗುರುತು ಮಾಡಿ, ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿ ಬರೆದಿಡಿ. ಎಳೆಯ ಅಂತರ 1.5 ಮಿಲಿಮೀಟರ್ ಇದ್ದರೆ ಒಂದು ಸುತ್ತಿನ ತಪ್ಪಿಗೆ ರಾಡ್ ಅಷ್ಟೇ ಉದ್ದ ಹೆಚ್ಚುಕಡಿಮೆಯಾಗುತ್ತದೆ. ರಾಡನ್ನೇ ಬದಲಾಯಿಸುತ್ತಿರುವುದರಿಂದ ಹಳೆಯದರ ಒಟ್ಟು ಉದ್ದವನ್ನೂ ಅಳೆದಿಟ್ಟುಕೊಳ್ಳಿ. ಟೈ ರಾಡ್ ಎಂಡಿನ ಜಾಯಿಂಟನ್ನು ಬಿಡಿಸಲು ಕವಲು ಸಲಾಕೆ ತೂರಿಸಿ ಬಡಿದರೆ ಅದರ ಪುಟ್ಟ ರಬ್ಬರ್ ಹರಿಯುತ್ತದೆ. ಸ್ಕ್ರೂ ಪುಲ್ಲರ್ ಬಳಸಿ. ಮೂತಿಯ ಪೊರೆಯನ್ನು ಬ್ಲೇಡಿನಿಂದಲ್ಲದೆ, ಪೈಪಿಗಿಂತ ಸ್ವಲ್ಪ ಸಣ್ಣದಾದ ಪಂಚಿನಿಂದ ದುಂಡಗೆ ತೆಗೆಯಿರಿ. ದೊಡ್ಡ ಬಾಯಿ ಕೂರುವ ಕಚ್ಚು ಒಣಗಿ ಶುಚಿಯಾಗಿರಬೇಕು, ಅಲ್ಲಿ ಗ್ರೀಸ್ ಬೇಡ. ಸಣ್ಣ ಬಾಯಿಯ ಕಚ್ಚಿಗೆ ಮಾತ್ರ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ರಾಡ್ ಅದರೊಳಗೆ ಸುಲಭವಾಗಿ ತಿರುಗುವಂತಿರಲಿ. ಕ್ಲ್ಯಾಂಪ್ ಬಿಗಿಯುವುದು ಸ್ಟೀರಿಂಗ್ ನೇರವಿರುವಾಗ. ಬಿಗಿದ ಮೇಲೆ, ಕ್ಲ್ಯಾಂಪಿನ ಕಿವಿ ಸಬ್‌ಫ್ರೇಮ್ ಅಥವಾ ಆ್ಯಂಟಿ ರೋಲ್ ಬಾರಿಗೆ ತಾಗದೆ ಇದೆಯೇ ಎಂದು ಎರಡೂ ಕೊನೆಗಳವರೆಗೆ ನಿಧಾನವಾಗಿ ತಿರುಗಿಸಿ ನೋಡಿ, ಚಕ್ರ ನೇತಾಡುವಾಗ ಒಮ್ಮೆ, ಭಾರ ನೆಲದ ಮೇಲಿರುವಾಗ ಇನ್ನೊಮ್ಮೆ. ರಾಡ್ ಬಾಗುವ ಕೋನ ಎರಡರಲ್ಲಿಯೂ ಬೇರೆ.

ಹಳೆಕಾರಿನ ಒಡೆಯ

ಬಲ ಬೂಟನ್ನು ಸರಿಸಿ ನೋಡಿದೆ. ಒಳಗೆ ಮಣ್ಣಿನ ತೆಳು ಲೇಪವಿತ್ತು, ಬಾಲ್ ಜಾಯಿಂಟಿನ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿತ್ತು; ದಂಡದ ಮೇಲೆ ತುಕ್ಕಿಲ್ಲ, ಎಣ್ಣೆಯೂ ಹರಿದಿಲ್ಲ. ಒರೆಸಿ, ಹೊಸ ಗ್ರೀಸ್ ಸವರಿ ಮುಚ್ಚಿದ್ದೇನೆ.

ಎಡಕ್ಕೆ ಕಚ್ಚಿರುವ ರಾಡ್ ಸಿಕ್ಕಿತು. ಅದರ ಕಚ್ಚಿನ ತಳ 13.1 ಮಿಲಿಮೀಟರ್, ಬಾಲ್ ಜಾಯಿಂಟಿನಿಂದ ಅದರ ದೂರ ಬಲಬದಿಗಿಂತ 1 ಮಿಲಿಮೀಟರಿನಷ್ಟೇ ಬೇರೆ. ಬೂಟನ್ನು ಹೊಸದಾಗಿ ಕೊಳ್ಳಲಿಲ್ಲ. ಎರಡನೆಯ ಬೂಟಿನ ಮಡಿಕೆಗಳಲ್ಲಿ ಗೀರುಗಳಿರಲಿಲ್ಲವಾದ್ದರಿಂದ, ಮೂತಿಯನ್ನು ತೆರೆದು, ಪೈಪನ್ನು ನೇರಮಾಡಿ ಒಳಗೆ ಕೂರಿಸಿ, ಅದನ್ನೇ ಹಾಕಿದೆ. ಅಲೈನ್‌ಮೆಂಟ್ ಮಾಡಿಸುವಾಗ ಸ್ಪ್ರಿಂಗ್ ಕ್ಲಿಪ್ಪನ್ನು ಮೊದಲು ಸರಿಸಿರೆಂದು ಪಕ್ಕದಲ್ಲಿ ನಿಂತು ಹೇಳಿದೆ. ಮಡಿಕೆಗಳು ನೇರವಾಗಿಯೇ ಉಳಿದಿವೆ. ಬಿಳಿ ಗೆರೆ ಎಳೆದು ಆರು ವಾರಗಳಾದವು. ಸಣ್ಣ ಬಾಯಿ ಗೆರೆಯನ್ನು ಬಿಟ್ಟು ಕದಲಿಲ್ಲ.